ವೈರು ಇಲ್ಲದೆ ಬೆಚ್ಚಗಿದ್ದ ಸೀಟು

ಎಲ್ಲಿ, ಊಹಿಸಿ ನೋಡೋಣ.

ಒಂದು ಹಳೇ ಕಾರು. ಚಳಿಗೆ ಅಂತ ಸೀಟಿನೊಳಗೆ ಬಿಸಿ ಮಾಡುವ ವೈರು ಹೊಲಿದಿರುತ್ತಾರಲ್ಲ, ಅಂಥ ಕಾರು. ಆ ವೈರನ್ನು ಕಿತ್ತು ಹೊರಗೆ ಹಾಕಿದ್ದಾಯಿತು. ಫ್ಯೂಸು ತೆಗೆದದ್ದಾಯಿತು. ಬ್ಯಾಟರಿಯನ್ನೇ ಕಳಚಿ ಬೆಂಚಿನ ಮೇಲೆ ಇಟ್ಟದ್ದಾಯಿತು. ಕಾರು ಶೆಡ್ಡಿನೊಳಗೆ ನಿಂತಿದೆ. ಬಿಸಿಲಿನ ಮುಖ ನೋಡಿ ಎಷ್ಟೋ ಗಂಟೆಯಾಗಿದೆ. ಈಗ ಬಾಗಿಲು ತೆರೆದು ಸೀಟಿನ ಮೇಲೆ ಕೈ ಇಟ್ಟರೆ... ಬೆಚ್ಚಗಿದೆ.

ಏನಾಗಿರಬೇಕು?

ಬೆಕ್ಕು ಅಂದಿರಾ? ಎಲ್ಲರೂ ಮೊದಲು ಬೆಕ್ಕು ಅಂತಲೇ ಅನ್ನುತ್ತಾರೆ. ಕಾರಿನ ಗಾಜುಗಳೆಲ್ಲ ಏರಿದ್ದವು ಸ್ವಾಮಿ, ಬೆಕ್ಕೇನು ಬೀಗದ ಕೈ ಇಟ್ಟುಕೊಂಡಿತ್ತೇ? ಇಲಿ? ಇಲಿಯ ಶಾಖಕ್ಕೆ ಅಂಗೈ ಬೆಚ್ಚಗಾಗುವುದಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಆಮೇಲೆ ಜೀವಮಾನವಿಡೀ ಕಚೇರಿಯ ಕುರ್ಚಿಯಲ್ಲಿ ಕೂತು ನಿವೃತ್ತನಾದವನು. ಶಾಖದ ಬಗ್ಗೆಯೂ ಗೊತ್ತು, ಕೂರುವುದರ ಬಗ್ಗೆಯಂತೂ ಇನ್ನೂ ಚೆನ್ನಾಗಿ ಗೊತ್ತು. ಸುಮ್ಮನೆ ಕೇಳಿ.

ಇದು ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ಅವನಿಗೆ ನಾವು ಟೆಸ್ಟರ್ ಅಂತಲೇ ಕರೆಯುವುದು. ಕಾರುಗಳ ಕರೆಂಟಿನ ಕೆಲಸ ಮಾಡುತ್ತಾನೆ, ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್ ಇರುತ್ತದೆ. ಮದುವೆಯ ಫೋಟೊದಲ್ಲೂ ಇದೆ, ಬೇಕಿದ್ದರೆ ತೋರಿಸುತ್ತೇನೆ. ಸುಳ್ಳು ಹೇಳುವ ಆಸಾಮಿಯಲ್ಲ. ಸುಳ್ಳು ಹೇಳುವಷ್ಟು ಕಲ್ಪನೆ ಅವನಿಗಿಲ್ಲ. ನಮ್ಮ ಮನೆತನದ ಪಾಲಿನ ಕಲ್ಪನೆಯನ್ನೆಲ್ಲ ನಾನೊಬ್ಬನೇ ಹೊಡೆದುಕೊಂಡೆ ಅಂತ ಚಿಕ್ಕಮ್ಮ ಹೇಳುತ್ತಿದ್ದರು.

ಆವತ್ತು ಶುಕ್ರವಾರ. ಚಳಿಗಾಲ, ಬೇಗ ಕತ್ತಲಾಗಿತ್ತು. ಟೆಸ್ಟರ್ ಗ್ಯಾರೇಜಿನ ಬಾಗಿಲು ಎಳೆದು, ನಡೆದುಕೊಂಡು ಮನೆಗೆ ಹೊರಟಿದ್ದ. ನಡೆದುಕೊಂಡು ಯಾಕೆ? ಊರವರ ಗಾಡಿಗೆಲ್ಲ ದೀಪ ಹಚ್ಚುವವನ ಸ್ವಂತ ಗಾಡಿಯ ದೀಪ ಕೆಟ್ಟು ಎರಡು ವರ್ಷ ಆಗಿತ್ತು, ಅದಕ್ಕೆ.

ದಾರಿಯಲ್ಲಿ ಒಂದು ಪಾಳು ಬಾವಿ ಇದೆ. ಬಾಯಿಗೆ ಕಬ್ಬಿಣದ ಜಾಲರಿ ಬಡಿದಿದ್ದಾರೆ. ಬಾವಿ ಅಂದ ಕೂಡಲೇ ಹತ್ತಿರ ಸರಿದು ಕೂತಿರಲ್ಲ, ನೋಡಿದೆ ನಾನು! ಬಾವಿಗೂ ಈ ವಿಷಯಕ್ಕೂ ಸಂಬಂಧವಿಲ್ಲ. ಪಾಪದ ಬಾವಿ ಅದು. ಆದರೆ ಅದರ ಪಕ್ಕದಲ್ಲಿ ಒಂದು ಕಾರು ನಿಂತಿತ್ತು. ಎಂಜಿನ್ ಓಡುತ್ತಿತ್ತು, ಡುಗು ಡುಗು ಡುಗು... ಹಿಂದಿನ ಹಳದಿ ದೀಪ ಮಿನುಗುತ್ತಿತ್ತು. ಟಿಕ್... ಟಕ್... ಟಿಕ್... ಟಕ್... ಅದರ ಪಕ್ಕ ಒಬ್ಬ ಹೆಂಗಸು, ಬರಿಗೈಗಳನ್ನು ಬಾಯಿಯ ಉಸಿರಿಗೆ ಹಿಡಿದು ನಿಂತಿದ್ದಳು.

"ನೀವು ಕಾರಿನ ಕರೆಂಟ್ ಕೆಲಸ ಮಾಡೋರಲ್ವಾ?" ಪಿಸುದನಿ.

ಅವನಿಗೆ ಗುರುತು ಸಿಕ್ಕಿತು. ಕನ್ನಡಕದ ಅಂಗಡಿಯ ಮೇಡಂ. ನಮ್ಮ ಮನೆಯವರೆಲ್ಲರ ಮೂಗಿನ ಮೇಲೂ ಆಕೆಯ ಅಂಗಡಿಯದೇ ಕನ್ನಡಕ.

"ಹೌದು ಮೇಡಂ. ಯಾಕೆ ಇಷ್ಟು ಮೆಲ್ಲಗೆ ಮಾತಾಡ್ತಿದ್ದೀರಿ?"

"ಅಪ್ಪ ಒಳಗೆ ಮಲಗಿದ್ದಾರೆ... ಎದ್ದರೆ ನನ್ನ ಮಾತು ನಡೆಯಲ್ಲ."

ಅಪ್ಪ ಅಂದರೆ ಈಜು ಮೇಷ್ಟ್ರು. ಅರ್ಧ ಊರಿಗೆ ಈಜು ಕಲಿಸಿದವರು. ಏಣಿಯಿಂದ ಬಿದ್ದು ಬೆನ್ನುಹುರಿಗೆ ಏಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಸ್ಪರ್ಶವೂ ಇಲ್ಲ. ವಾರಕ್ಕೆ ಮೂರು ಸಲ ಮಗಳು ಅವರನ್ನು ಆ ಹಳೇ ಕಾರಿನಲ್ಲಿ ದೂರದ ಬಿಸಿನೀರಿನ ಈಜುಕೊಳಕ್ಕೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ನೀರಿನೊಳಗೆ ಮೇಷ್ಟ್ರು ನಿಲ್ಲುತ್ತಾರೆ. ನೆಲದ ಮೇಲಲ್ಲ, ನೀರಿನಲ್ಲಿ.

"ಸೀಟು ಸುಡ್ತಿದೆ," ಅಂದಳು ಮೇಡಂ. "ಸ್ವಿಚ್ ಹಾಕೇ ಇಲ್ಲ ನಾನು. ಸೀದ ವಾಸನೆ ಬಂತು, ನಿಲ್ಲಿಸಿ ಅವರ ಕೆಳಗೆ ದಪ್ಪ ಕಂಬಳಿ ತೂರಿಸಿದೆ. ಅವರಿಗೆ ಸುಟ್ಟರೂ ಗೊತ್ತಾಗಲ್ಲ. ಹೋದ ವಾರ ತೊಡೆಯ ಹಿಂದೆ ಒಂದು ಗುಳ್ಳೆ ಎದ್ದಿತ್ತು... ರಾತ್ರಿ ಬಟ್ಟೆ ಬದಲಾಯಿಸುವಾಗ ನೋಡಿದೆ. ಹೇಗೋ ಒಣಗಿತು. ಮೈಮೇಲೆ ಗಾಯ ಇದ್ದರೆ ಕೊಳಕ್ಕೆ ಇಳಿಸಲ್ಲ ಅಂದಿದ್ದಾರೆ. ಇನ್ನೊಂದು ಸಲ ಹೀಗಾದರೆ ಈ ಚಳಿಗಾಲ ಪೂರ್ತಿ ನೀರಿಲ್ಲ. ನೀರಿಲ್ಲ ಅಂದರೆ ಅವರು ಹಾಸಿಗೆ ಹಿಡೀತಾರೆ. ನನಗೆ ಗೊತ್ತು ನನ್ನಪ್ಪ."

"ರಿಪೇರಿ ಮಾಡೋಣ ಮೇಡಂ, ಅದೇನು ದೊಡ್ಡ..."

"ರಿಪೇರಿ ಬೇಡ! ಕಿತ್ತು ಹಾಕಿ. ನನ್ನ ಸೀಟು ಹೇಗೂ ಎರಡು ವರ್ಷದಿಂದ ತಣ್ಣಗೇ ಇದೆ, ಅದನ್ನ ಬೇಕಾದರೆ ನೋಡಿ. ಅಪ್ಪನ ಸೀಟಲ್ಲಿ ಮಾತ್ರ ಒಂದು ಎಳೆ ವೈರೂ ಇರಕೂಡದು. ಮಂಗಳವಾರ ಬೆಳಿಗ್ಗೆ ಕೊಳಕ್ಕೆ ಹೋಗಬೇಕು. ಅಷ್ಟರೊಳಗೆ ಆಗದಿದ್ದರೆ ಈ ಕಾರೇ ಬೇಡ, ಮಾರಿಬಿಡ್ತೀನಿ."

ಅವಳು ಮಾರಲಾರಳು, ಅದು ಅವಳಿಗೂ ಗೊತ್ತಿತ್ತು. ಗಾಲಿಕುರ್ಚಿಯಿಂದ ಅಪ್ಪನನ್ನು ಜಾರಿಸಿ ಕೂರಿಸಲು ಆ ಕಾರಿನಷ್ಟು ಅಗಲವಾದ ಬಾಗಿಲು ಬೇರೆ ಯಾವುದಕ್ಕೂ ಇರಲಿಲ್ಲ.

ಟಾರ್ಚು ತರುತ್ತೇನೆ ಅಂತ ಮೇಡಂ ಡಿಕ್ಕಿಯ ಕಡೆಗೆ ಹೋದಳು. ಆಗ... ಸರ್ರ್... ಕಿಟಕಿಯ ಗಾಜು ಎರಡು ಬೆರಳಿನಷ್ಟು ಇಳಿಯಿತು.

"ಏಯ್... ಇಲ್ಲಿ ಬಾ."

"ಅಯ್ಯೋ! ಮಲಗಿಲ್ವಾ ಮೇಷ್ಟ್ರೇ?"

"ಮಗಳ ಮುಂದೆ ಮಲಗಿರ್ತೀನಿ. ಕ್ಷೇಮ." ಮೇಷ್ಟ್ರ ಕಣ್ಣು ಹಿಂದಿನ ಕನ್ನಡಿಯ ಮೇಲೇ ಇತ್ತು. "ಅವಳು ಏನಾದರೂ ಹೇಳಲಿ. ಈ ಸೀಟಿನ ತಂಟೆಗೆ ಹೋಗಬೇಡ."

"ಸುಟ್ಟಿದೆಯಂತಲ್ಲ ಮೇಷ್ಟ್ರೇ..."

"ಸುಡೋದು ಬೇರೆ. ಇದು ಬೇರೆ." ಅವರು ತುಟಿಯನ್ನು ಸಂದಿನ ಹತ್ತಿರ ತಂದರು. "ನನ್ನ ತೊಡೆಗೆ ಸೂಜಿ ಚುಚ್ಚಿದರೂ ಗೊತ್ತಾಗಲ್ಲ ಕಣಪ್ಪ. ಆದರೆ ಇದರಲ್ಲಿ ಕೂತರೆ... ಬೆಚ್ಚಗೆ ಅನ್ನಿಸತ್ತೆ. ಕೆಳಗೆ. ಅಲ್ಲಿ. ಗೊತ್ತಾಗತ್ತೆ ನನಗೆ."

ಧಡ್! ಡಿಕ್ಕಿ ಮುಚ್ಚಿತು. ಗಾಜು ಸರ್ರನೆ ಏರಿತು. ಮೇಷ್ಟ್ರು ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಗೊರಕೆಯನ್ನೂ ಹೊಡೆದರು.

ಆವತ್ತಿಗೆ ಟೆಸ್ಟರ್ ಆ ಸೀಟಿನ ಫ್ಯೂಸು ಕಿತ್ತು ಅವರನ್ನು ಮನೆಗೆ ಕಳಿಸಿದ. ಶನಿವಾರ ಮೇಡಂ ಕಾರು ತಂದು ಬಿಟ್ಟು ಹೋದಳು.

ಮೊದಲು ಕೈ ಹಾಕಿದ್ದು ಅವಳ ಸೀಟಿಗೆ. ನಾಲ್ಕು ಬೋಲ್ಟು ಬಿಚ್ಚಿದರೆ ಸೀಟು ಹೊರಗೆ. ಹೊದಿಕೆಯನ್ನು ಸುಲಿದರೆ ಒಳಗೆ ತೆಳ್ಳಗಿನ ಬಟ್ಟೆ, ಅದರ ಮೇಲೆ ಹಾವಿನ ಹಾಗೆ ಹೊರಳಿ ಹೊರಳಿ ಓಡುವ ವೈರು. ಇವನು ಅದನ್ನು ಚಾಪೆ ಅನ್ನುತ್ತಾನೆ. ಚಾಪೆಯಲ್ಲಿ ವೈರು ಒಂದೇ ಕಡೆ ತುಂಡಾಗಿತ್ತು. ಸೀಟಿನ ಒಳಅಂಚಿನಲ್ಲಿ, ಯಾರೂ ಕೂರದ ಜಾಗದಲ್ಲಿ. ಯಾಕೆ ಅಲ್ಲಿ? ಇವನು ಯೋಚಿಸಿದ. ಮೇಡಂ ದಿನಾ ತನ್ನ ಸೀಟಿನ ಮೇಲೆ ಮಂಡಿಯೂರಿ, ಅತ್ತ ಕಡೆಯ ಬಾಗಿಲಿಂದ ಅಪ್ಪನನ್ನು ಕಂಕುಳಿಗೆ ಕೈ ಕೊಟ್ಟು ಒಳಗೆ ಎಳೆದುಕೊಳ್ಳುತ್ತಾಳೆ. ಆ ಮಂಡಿ ಊರಿ ಊರಿ ವೈರು ಮುರಿದಿದೆ. ಎರಡು ಚಳಿಗಾಲ ಆಕೆ ತಣ್ಣಗೆ ಕೂತು ಕಾರು ಓಡಿಸಿದ್ದು ಅದಕ್ಕೇ. ಇವನು ತುಂಡಾದ ತುದಿಗಳನ್ನು ಕೂಡಿಸಿ, ಪುಟ್ಟ ಲೋಹದ ಕೊಳವೆಗೆ ತೂರಿಸಿ, ಒತ್ತಿ ಬಿಗಿದ. ಬೆಸುಗೆ ಹಾಕಲಿಲ್ಲ. ಬೆಸುಗೆ ಗಡುಸು, ಮತ್ತೊಮ್ಮೆ ಮಂಡಿ ಬಿದ್ದರೆ ಪಟ್ ಅನ್ನುತ್ತದೆಯಂತೆ.

ಇನ್ನು ಕೆಲಸ ಸರಿಯಾಯಿತೋ ಇಲ್ಲವೋ ಅಂತ ನೋಡುವುದಕ್ಕೆ ಅವನದ್ದೊಂದು ರೀತಿ ಇದೆ. ಮೀಟರು ಹಿಡಿಯುವುದೆಲ್ಲ ಆಮೇಲೆ. ಮೊದಲು ಹಳೇ ನ್ಯೂಸ್‌ಪೇಪರನ್ನು ನೀರಿನಲ್ಲಿ ಅದ್ದಿ ಸೀಟಿನ ಮೇಲೆ ಹಾಸುತ್ತಾನೆ. ಸ್ವಿಚ್ ಹಾಕುತ್ತಾನೆ. ವೈರು ಓಡಿದ ಕಡೆಯೆಲ್ಲ ಪೇಪರು ಮೊದಲು ಒಣಗುತ್ತದೆ, ಬೆಳ್ಳಗೆ ಗೆರೆ ಗೆರೆಯಾಗಿ. ಎಲ್ಲಿ ಗೆರೆ ನಿಂತಿತೋ ಅಲ್ಲಿ ಚಾಪೆ ಸತ್ತಿದೆ ಅಂತ ಅರ್ಥ. ಮೇಡಂ ಸೀಟಿನ ಪೇಪರಿನ ಮೇಲೆ ಗೆರೆಗಳು ಎಲ್ಲೂ ಕಡಿಯದೆ ಮೂಡಿದವು. ಚೊಕ್ಕಟ.

ಆಮೇಲೆ ಮೇಷ್ಟ್ರ ಸೀಟು. ಹೊದಿಕೆ ಸುಲಿದ ಕೂಡಲೇ ಕಳ್ಳ ಸಿಕ್ಕಿಬಿದ್ದ. ಬಿಸಿ ಹೆಚ್ಚಾದರೆ ಕರೆಂಟು ಕಡಿಯುವ ಒಂದು ಗುಂಡಿಯಂಥ ಸಾಧನ ಇರುತ್ತದೆ, ಅದು ಅಂಟಿಕೊಂಡು ಕೂತಿತ್ತು. ಸ್ವಿಚ್ಚೂ ಒಳಗಿನಿಂದ ಕರಗಿತ್ತು. ಕೆಳಗೆ ಫೋಮು ಒಂದು ಕಡೆ ಕಪ್ಪಗೆ ಸುಟ್ಟಿತ್ತು, ಮೇಷ್ಟ್ರ ತೊಡೆಯ ಗುಳ್ಳೆ ಎಲ್ಲಿತ್ತೋ ಅಲ್ಲೇ.

ಹಳೇ ಕಾಯಿಲೆ, ಹೊಸದೇನಲ್ಲ. ಮುದುಕರ ಮಾತು ಕೇಳಿಕೊಂಡು ಇದನ್ನು ಹೀಗೇ ಬಿಡಲಾಗುತ್ತದೆಯೇ? ಚಾಪೆಯನ್ನು ಪೂರ್ತಿ ಕಿತ್ತ. ವೈರು, ಪ್ಲಗ್ಗು, ಒಂದೂ ಬಿಡಲಿಲ್ಲ. ಸುಟ್ಟ ಫೋಮನ್ನು ಕತ್ತರಿಸಿ ಅಷ್ಟೇ ಗಾತ್ರದ ಹೊಸ ಫೋಮು ಕೂರಿಸಿದ. ಸೀಟನ್ನು ಕಾರಿಗೆ ಬಿಗಿದ. ಬ್ಯಾಟರಿಗೆ ಚಾರ್ಜು ಕಮ್ಮಿಯಿತ್ತು ಅಂತ ಕಳಚಿ ಬೆಂಚಿನ ಮೇಲಿಟ್ಟ. ಕೈ ಒರೆಸಿಕೊಂಡ. ಅಭ್ಯಾಸಬಲ ನೋಡಿ, ಹೊರಡುವ ಮುಂಚೆ ಸೀಟಿನ ಮೇಲೆ ಅಂಗೈ ಇಟ್ಟ.

ಬೆಚ್ಚಗಿತ್ತು.

ಕೈ ತೆಗೆದ. ಮತ್ತೆ ಇಟ್ಟ.

ಬೆಚ್ಚಗೇ ಇತ್ತು...

"ಅಣ್ಣಾ," ಅಂದ ನನಗೆ ಆಮೇಲೆ, "ವೈರಿನ ಬಿಸಿ ನನಗೆ ಗೊತ್ತು. ಅದು ಗೆರೆ ಗೆರೆಯಾಗಿ ಬರತ್ತೆ. ಇದು ಹಾಗಿರಲಿಲ್ಲ. ಬಸ್ಸಲ್ಲಿ ಯಾರೋ ಎದ್ದು ಹೋದ ಸೀಟಲ್ಲಿ ಕೂತರೆ ಹೇಗಿರತ್ತೆ? ಹಾಗಿತ್ತು."

ಮೇಡಂ ಸೀಟು ಮುಟ್ಟಿದ. ಮಂಜುಗಡ್ಡೆ. ಹಿಂದಿನ ಸೀಟು ಮುಟ್ಟಿದ. ಮಂಜುಗಡ್ಡೆ. ಇದು ಮಾತ್ರ...

ಪೇಪರು ಅದ್ದಿ ಹಾಸಿದ. ಸ್ಟೂಲು ಎಳೆದುಕೊಂಡು ಕೂತ. ಎದ್ದ. ಶೆಡ್ಡಿನ ಈ ತುದಿಯಿಂದ ಆ ತುದಿಗೆ ನಡೆದ. ಸ್ಪ್ಯಾನರುಗಳನ್ನು ಗಾತ್ರದ ಪ್ರಕಾರ ಜೋಡಿಸಿದ. ಮತ್ತೆ ಕೆಡಿಸಿ ಜೋಡಿಸಿದ. ತಗಡಿನ ಮಾಡಿನ ಮೇಲೆ ಇಬ್ಬನಿ ತೊಟ್ಟಿಕ್ಕುತ್ತಿತ್ತು, ಟಪ್... ಟಪ್... ಕೊನೆಗೆ ಹೋಗಿ ನೋಡಿದ.

ಪೇಪರು ಒಣಗಿತ್ತು. ಪೂರ್ತಿಯಲ್ಲ. ಹಿಂದೆ ಒಂದು ಅಗಲವಾದ ಗುಂಡನೆಯ ಗುರುತು, ಅದರಿಂದ ಮುಂದಕ್ಕೆ ಎರಡು ಉದ್ದನೆಯ ಪಟ್ಟಿ, ಸೀಟಿನ ಅಂಚಿನವರೆಗೆ. ಒಂದರ ಪಕ್ಕ ಒಂದು. ಕಿರಿದಾದ ಪಟ್ಟಿಗಳು.

ತೊಡೆಗಳು.

ಮಂಡಿ ಜೋಡಿಸಿ, ನೆಟ್ಟಗೆ, ಯಾರೋ ಕೂತಿದ್ದರು.

ಟೆಸ್ಟರ್ ಓಡಿಹೋಗಲಿಲ್ಲ. ನಾನಾಗಿದ್ದರೆ ಓಡುತ್ತಿದ್ದೆ, ಪದವಿಪತ್ರವನ್ನು ಅಲ್ಲೇ ಬಿಟ್ಟು! ಇವನು ಪೇಪರನ್ನು ಮೆಲ್ಲಗೆ ಎತ್ತಿ, ಮಡಿಸಿ, ಟೀ ಕಾಯಿಸುವ ಒಲೆಗೆ ಹಾಕಿ, ಕಾರಿನ ಬಾಗಿಲನ್ನು ಸದ್ದಾಗದಂತೆ ಒತ್ತಿ ಮನೆಗೆ ಹೋದ. ಯಾಕಪ್ಪಾ ಮೆಲ್ಲಗೆ ಒತ್ತಿದೆ ಅಂದರೆ, "ಗೊತ್ತಿಲ್ಲ ಅಣ್ಣಾ, ಕೂತಿದ್ದಾರೆ ಅಂದ ಮೇಲೆ ಧಡಾರ್ ಅಂತ ಹಾಕೋದು ಹೇಗೆ," ಅಂದ.

ಭಾನುವಾರ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಊಟಕ್ಕೆ ಕೂತವನು ಎದ್ದ. ಎದ್ದವನು ಮತ್ತೆ ಕೂತ. ಬೂಟು ಹಾಕಿಕೊಂಡ, ಬಿಚ್ಚಿದ. ಅವನ ಹೆಂಡತಿ ಹಲ್ಲಿನ ಡಾಕ್ಟರ ಬಳಿ ನರ್ಸು. ಬಾಯಿ ತೆರೆಸುವುದು ಅವಳ ಕಸುಬೇ ಆಯಿತಲ್ಲ, ಹತ್ತು ನಿಮಿಷದಲ್ಲಿ ಇವನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆದಳು.

"ಈಗ ಏನ್ರೀ ಮಾಡ್ತೀರಿ?"

"ಅದೇ ಗೊತ್ತಾಗ್ತಿಲ್ಲ. ಮೇಡಂಗೆ ಹೇಳಿದರೆ ಕಾರು ಮುಟ್ಟಲ್ಲ, ಮೇಷ್ಟ್ರಿಗೆ ನೀರು ಹೋಯ್ತು. ಹೇಳದೆ ಕೊಟ್ಟು, ಅದು ಮತ್ತೆ ಸುಟ್ಟರೆ... ಆಗಲೂ ನೀರು ಹೋಯ್ತು. ಅದರ ಪಾಪ ನನ್ನ ತಲೆಗೆ."

"ಸುಡತ್ತೋ ಇಲ್ವೋ ಅಂತ ನೋಡೋದು ಹೇಗೆ?"

"ಕೂತು ನೋಡಬೇಕು," ಅಂದ. "ಮೇಷ್ಟ್ರು ಕೊಳದವರೆಗೆ ಎಷ್ಟು ಹೊತ್ತು ಕೂರ್ತಾರೋ ಅಷ್ಟು ಹೊತ್ತು."

"ಕೂರಿ ಮತ್ತೆ."

"ನೀನೂ ಬಾ."

"ನಾನ್ಯಾಕೆ? ಸೀಟು ಒಂದೇ ಇರೋದು. ಅದೂ ಖಾಲಿ ಇಲ್ಲವಂತೆ!"

ಹೀಗೆ ಹಾಸ್ಯ ಮಾಡಿದಳೇ ಹೊರತು, ಸೋಮವಾರ ಸಂಜೆ ಕೆಲಸ ಮುಗಿಸಿ ನೇರ ಗ್ಯಾರೇಜಿಗೇ ಬಂದಳು. ಬ್ಯಾಗಿನಲ್ಲಿ ಜ್ವರ ನೋಡುವ ಥರ್ಮಾಮೀಟರನ್ನೂ ಹೆಣಿಗೆಯ ಉಲ್ಲನ್ನೂ ತಂದಿದ್ದಳು. ಬೆಂಚಿನ ಹತ್ತಿರ ಕೂತು ಹೆಣೆಯತೊಡಗಿದಳು. ಕಡ್ಡಿಗಳ ಸದ್ದು, ಟಿಕಿ ಟಿಕಿ ಟಿಕಿ...

ಇವನು ಕಾರಿನ ಬಾಗಿಲು ತೆರೆದ. ಆಮೇಲೆ, ನಗಬೇಡಿ, "ಸ್ವಲ್ಪ ಕೂತುಕೊಳ್ಳಲಾ?" ಅಂತ ಕೇಳಿದನಂತೆ.

"ಯಾರನ್ನ ಕೇಳ್ತಿದ್ದೀರಿ?" ಹೆಂಡತಿ ಅಲ್ಲಿಂದಲೇ ಪಿಸುಗುಟ್ಟಿದಳು.

"ಶ್..."

ಕೂತ. ಥರ್ಮಾಮೀಟರನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡ. ಕೆಳಗಿನಿಂದ ಬಿಸಿ ಮೆಲ್ಲಗೆ ಏರಿತು. ಹಿತವಾದ ಬಿಸಿ. ಭಯಕ್ಕೆ ಬೆವರುತ್ತಾ ಇರುವವನಿಗೂ ಹಿತವಾಗುವಂಥದ್ದು. ಫೋಮಿನ ಮೇಲೆ ಕೂತ ಹಾಗೆ ಇರಲಿಲ್ಲ. ಫೋಮು ಕುಗ್ಗುತ್ತದೆ. ಇದು ಕುಗ್ಗಲಿಲ್ಲ. ತಾಳಿಕೊಂಡಿತು.

ಟಿಕಿ ಟಿಕಿ ಟಿಕಿ...

ಎಷ್ಟೋ ಹೊತ್ತಿನ ಮೇಲೆ... ಎಡಗಡೆ ಏನೋ ಅಲುಗಿತು.

ತೀರಾ ಸಣ್ಣಗೆ. ಎಡದ ತೊಡೆಯ ಕೆಳಗೆ ಮಾತ್ರ. ಮೇಲೆ, ಕೆಳಗೆ. ಮೇಲೆ, ಕೆಳಗೆ. ಬೇಗ ಬೇಗ. ಸೀಟಿನ ಸ್ಪ್ರಿಂಗು ಸದ್ದು ಮಾಡಿತು, ಕಿರ್ ಕಿರ್ ಕಿರ್ ಕಿರ್... ಯಾರಿಗೋ ಕಾದು ಕಾದು ಸಾಕಾದವರು, ಕೂತಲ್ಲೇ ಹಿಮ್ಮಡಿ ಎತ್ತಿ ಕಾಲು ಕುಣಿಸುತ್ತಾರಲ್ಲ... ಹಾಗೆ.

ಇವನು ಎದ್ದು ಓಡಬೇಕು ಅಂದುಕೊಂಡ. ಅಷ್ಟರಲ್ಲಿ ಬಾಯಿಂದ ತಾನಾಗಿಯೇ ಒಂದು ಮಾತು ಹೊರಬಿತ್ತು. ನಮ್ಮ ಚಿಕ್ಕಮ್ಮ ಇವನಿಗೆ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದ ಮಾತು, ನಾನೇ ಕೇಳಿದ್ದೇನೆ.

"ಕಾಲು ಅಲ್ಲಾಡಿಸಬೇಡ!"

...ನಿಂತಿತು.

ತಟಕ್ಕನೆ. ಬೈಸಿಕೊಂಡ ಮಗುವಿನ ಹಾಗೆ.

ಹೆಣಿಗೆಯ ಕಡ್ಡಿಗಳೂ ನಿಂತವು.

"ನಾನೆಲ್ಲಿ ಅಲ್ಲಾಡಿಸಿದೆ?" ಹೆಂಡತಿಯ ದನಿ.

"ನಿನಗಲ್ಲ," ಅಂದ ಇವನು, "ನೀನು ಹೆಣಿ."

ಆಮೇಲೆ ಅದು ಅಲುಗಲಿಲ್ಲ. ಇವನು ಪೂರ್ತಿ ಹೊತ್ತು ಕೂತ. ಎದ್ದಾಗ ಮೈಯೆಲ್ಲ ಒದ್ದೆ, ಹಲ್ಲು ಕಟಕಟ. ಹೆಂಡತಿ ಥರ್ಮಾಮೀಟರನ್ನು ದೀಪಕ್ಕೆ ಹಿಡಿದಳು. ಇವನ ತೊಡೆಯ ಹಿಂಭಾಗವನ್ನು ಪರೀಕ್ಷಿಸಿದಳು. ಕೆಂಪಿಲ್ಲ, ಗುಳ್ಳೆಯಿಲ್ಲ.

"ಸರಿಯಾಗಿ ಮೈಶಾಖ," ಅಂದಳು. "ಒಂದು ಗೆರೆಯೂ ಮೇಲಿಲ್ಲ. ನಿಮ್ಮ ಸೀಟಿಗೆ ಜ್ವರ ಇಲ್ಲ ಕಣ್ರೀ." ನಗಲು ನೋಡಿದಳು, ಆಗಲಿಲ್ಲ. "ಮೈಶಾಖ ಯಾರನ್ನೂ ಸುಡಲ್ಲ... ಬನ್ನಿ ಮನೆಗೆ. ಬೇಗ ಬನ್ನಿ."

ಮಂಗಳವಾರ ಬೆಳಿಗ್ಗೆ ನಾನೂ ಅಲ್ಲಿದ್ದೆ. ಇಷ್ಟನ್ನೂ ಅವನು ಫೋನಿನಲ್ಲಿ ಹೇಳಿದ ಮೇಲೆ ನಾನು ಮನೆಯಲ್ಲಿ ಕೂರುತ್ತೇನೆಯೇ? ಅಂಗಳದಲ್ಲಿ ಟೀ ಲೋಟ ಹಿಡಿದು ನಿಂತಿದ್ದೆ, ಯಾರೋ ಗಿರಾಕಿ ಅನ್ನುವ ಹಾಗೆ ಮುಖ ಮಾಡಿಕೊಂಡು. ಟ್ಯಾಕ್ಸಿ ಬಂತು. ಮೇಡಂ ಇಳಿದಳು. ಡ್ರೈವರು ಗಾಲಿಕುರ್ಚಿ ಇಳಿಸಿದ, ಮೇಷ್ಟ್ರನ್ನು ಅದರಲ್ಲಿ ಕೂರಿಸಿದ.

ಬ್ಯಾಟರಿಯನ್ನು ಆಗಲೇ ಮತ್ತೆ ಕೂರಿಸಿದ್ದ ಟೆಸ್ಟರ್, ಕಿತ್ತ ಚಾಪೆಯನ್ನು ಮೇಡಂ ಕೈಗೆ ಕೊಟ್ಟ. "ನೋಡಿಕೊಳ್ಳಿ. ಒಂದು ಎಳೆಯೂ ಒಳಗಿಲ್ಲ. ನಿಮ್ಮ ಸೀಟು ಸರಿಯಾಗಿದೆ, ಸ್ವಿಚ್ ಹಾಕಿ ನೋಡಿ."

ಆಕೆ ಅಪ್ಪನ ಸೀಟಿನ ಮೇಲೆ ಅಂಗೈ ಒತ್ತಿದಳು. ನಾನು ಕತ್ತು ಚಾಚಿದೆ. ಟೀ ಚೆಲ್ಲಿತು.

"ತಣ್ಣಗಿದೆ," ಅಂದಳು. "ಸದ್ಯ!"

ಟೆಸ್ಟರ್ ಬೆರಗಾಗಿ ತಾನೂ ಮುಟ್ಟಿದ. ನಾನೂ ಬಿಡಲಿಲ್ಲ, ಹೋಗಿ ಮುಟ್ಟಿದೆ. ಕಲ್ಲಿನ ಹಾಗೆ ತಣ್ಣಗಿತ್ತು. ಮೇಷ್ಟ್ರು ಕುರ್ಚಿಯಿಂದಲೇ ನಮ್ಮ ಮುಖಗಳನ್ನು ನೋಡುತ್ತಿದ್ದರು. ಅವರ ಮುಖ ಸೋತು ಹೋಯಿತು. ಅದನ್ನು ಹೇಗೆ ಹೇಳಲಿ... ಮೊದಲೇ ಸಣ್ಣ ಮನುಷ್ಯ, ಇನ್ನಷ್ಟು ಸಣ್ಣಗಾದರು.

"ಕಿತ್ತುಬಿಟ್ಟೆಯಾ?" ಅಂದರು ಮೆಲ್ಲಗೆ. ಮೇಡಂ ತನ್ನ ಸೀಟಿನ ಸ್ವಿಚ್ಚು ಒತ್ತಿ ನೋಡುತ್ತಿದ್ದಳು.

ಟೆಸ್ಟರ್ ಅವರ ಕಿವಿಯ ಹತ್ತಿರ ಬಗ್ಗಿದ. "ವೈರು ಮಾತ್ರ ಕಿತ್ತೆ ಮೇಷ್ಟ್ರೇ. ಅದು ಸುಡೋದಿಲ್ಲ. ನಾನೇ ಕೂತು ನೋಡಿದೀನಿ."

ಮೇಷ್ಟ್ರು ಅವನನ್ನೇ ದಿಟ್ಟಿಸಿದರು.

"ಕಾಲು ಅಲ್ಲಾಡಿಸ್ತಾ?"

ನನ್ನ ಕೈಯ ಲೋಟ... ಬಿಡಿ.

"ಯಾರು ಮೇಷ್ಟ್ರೇ ಅದು?" ಅಂತ ಕೇಳಿಯೇಬಿಟ್ಟ ಇವನು. "ಅಮ್ಮಾವ್ರಾ?"

"ಛೆ, ನನ್ನ ಹೆಂಡತಿ ಮೈ ಯಾವಾಗಲೂ ಐಸು. ಅವಳಲ್ಲ." ಮೇಷ್ಟ್ರು ತಲೆಯಾಡಿಸಿದರು. "ಗೊತ್ತಿಲ್ಲಪ್ಪ. ನಾನು ಕೇಳಿಲ್ಲ. ಹಿಡಿದುಕೊಂಡವರ ಹೆಸರು ಕೇಳ್ತಾರಾ? ನೀರಲ್ಲಿ ನಾನು ಎಷ್ಟು ಮಕ್ಕಳನ್ನ ಹಿಡಿದಿದ್ದೆ... ಒಬ್ಬರೂ ನನ್ನ ಹೆಸರು ಕೇಳಲಿಲ್ಲ."

"ಅಪ್ಪಾ, ಬರ್ತೀರಾ? ಹೊತ್ತಾಯ್ತು," ಮೇಡಂ ಕೂಗಿದಳು. "ಅಲ್ಲೇನು ಗುಸುಗುಸು?"

"ಏನಿಲ್ಲಮ್ಮ. ಇವನಿಗೆ ಈಜು ಬರಲ್ಲವಂತೆ."

ಆಕೆ ತನ್ನ ಸೀಟಿನ ಮೇಲೆ ಮಂಡಿಯೂರಿದಳು. ಈ ಕಡೆಯಿಂದ ಟೆಸ್ಟರ್ ಎತ್ತಿಕೊಟ್ಟ, ಆ ಕಡೆಯಿಂದ ಆಕೆ ಎಳೆದುಕೊಂಡಳು. ಮೇಷ್ಟ್ರು ಸೀಟಿನಲ್ಲಿ ಇಳಿದರು. ಇಳಿದ ಗಳಿಗೆಗೆ ಅವರ ಕಣ್ಣು ತಾನಾಗಿಯೇ ಮುಚ್ಚಿತು. ತುಟಿ ಅರಳಿತು. ನೋಯುವ ಮಂಡಿಯನ್ನು ಬಿಸಿನೀರಿಗೆ ಇಳಿಬಿಟ್ಟಾಗ ನನ್ನ ಮುಖವೂ ಹಾಗೆಯೇ ಆಗುತ್ತದೆ ಅಂತ ನನ್ನವಳು ಹೇಳುತ್ತಾಳೆ.

ಅವರು ಮತ್ತೆ ಹಾಸಿಗೆ ಹಿಡಿಯಲಿಲ್ಲ. ಇನ್ನೊಂದು ಗುಳ್ಳೆ ಏಳಲಿಲ್ಲ. ಆ ಚಳಿಗಾಲವಿಡೀ, ಆಮೇಲೆ ಬಂದ ಎರಡು ಚಳಿಗಾಲವೂ, ವಾರಕ್ಕೆ ಮೂರು ಸಲ ನೀರಿಗಿಳಿದರು. ಅದು ಊರಿಗೆಲ್ಲ ಗೊತ್ತಿರುವ ಮಾತು, ಅದಕ್ಕೆ ನನ್ನ ಸಾಕ್ಷಿ ಬೇಡ.

ನನ್ನ ಸಾಕ್ಷಿ ಬೇಕಾದದ್ದು ಇದಕ್ಕೆ.

ಮೇಡಂ ಅಪ್ಪನಿಗೆ ಸೀಟ್ ಬೆಲ್ಟು ಹಾಕಲು ಎಳೆದಳು. ಝರ್ರ್... ಸಾಲಲಿಲ್ಲ. ಇನ್ನಷ್ಟು ಎಳೆದಳು. ಝರ್ರ್... "ಏನಪ್ಪಾ ಇದು, ಮೂರು ದಿನದಲ್ಲಿ ದಪ್ಪ ಆದ್ರಾ?" ಅಂದಳು. ಬೆಲ್ಟು ಸುರುಳಿಯ ಕೊನೆಯವರೆಗೂ ಬಿಚ್ಚಿ ಬಂದು, ಟಕ್ ಅಂತ ನಿಂತಿತು. ಆಮೇಲೆ ಕಷ್ಟಪಟ್ಟು, ಕ್ಲಿಕ್.

"ಎಷ್ಟು ಫೋಮ್ ತುಂಬಿದ್ದೀರಿ ಇದಕ್ಕೆ? ಅಪ್ಪನ ತಲೆ ಮಾಡಿಗೆ ತಾಗ್ತಿದೆ ನೋಡಿ!"

"ಮೊದಲಿದ್ದಷ್ಟೇ ಮೇಡಂ," ಅಂದ ಟೆಸ್ಟರ್. ಅವನ ದನಿ ಅವನಿಗೇ ಕೇಳಿಸಿರಲಾರದು.

"ಇರಲಿ ಬಿಡಮ್ಮ, ಹೊರಡು," ಅಂದರು ಮೇಷ್ಟ್ರು. ಕಣ್ಣು ತೆರೆಯಲಿಲ್ಲ.

ನಾನು ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಓರೆಯಾಗಿ ನೋಡಿದರೆ ಮೇಷ್ಟ್ರ ಬೆನ್ನಿಗೂ ಸೀಟಿನ ಬೆನ್ನಿಗೂ ನಡುವೆ ಒಂದು ಗೇಣು ಜಾಗ ಖಾಲಿ ಇತ್ತು. ಆ ಸಂದಿನಿಂದ ಆಚೆ ಬದಿಯ ಕಿಟಕಿ ಕಾಣುತ್ತಿತ್ತು, ಮೇಡಂನ ನೀಲಿ ಶಾಲಿನ ಅಂಚು ಕಾಣುತ್ತಿತ್ತು. ಅವರು ಮುಂದಕ್ಕೆ ಬಗ್ಗಿ ಕೂತಿರಲಿಲ್ಲ. ಆ ಖಾಲಿ ಜಾಗಕ್ಕೇ ಒರಗಿ, ತಲೆಯನ್ನೂ ಒರಗಿಸಿ, ಆರಾಮವಾಗಿ ಕೂತಿದ್ದರು.

ನನ್ನ ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಟೀ ಬಿಟ್ಟು ಬೇರೇನೂ ಕುಡಿದಿರಲಿಲ್ಲ. ಬೆಳಿಗ್ಗೆ, ಹಾಡುಹಗಲು. ಎರಡು ಸಾವಿರದ ಹದಿನೆಂಟನೇ ಇಸವಿ, ಜನವರಿ ಹದಿನಾರು, ಮಂಗಳವಾರ.